ಪೆಟ್ರೋಲಿಯಂ ಎಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ.: ಅರ್ಜಿಯಿಂದ ಡಿಫೆನ್ಸ್‌ವರೆಗೆ ಏನೇನು ಬೇಕು

ಪಿಎಚ್‌.ಡಿ. ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು ಎಷ್ಟು ಜಿಪಿಎ ಬೇಕು ಅಂತ. ಆಮೇಲೆ ಎಷ್ಟು ವರ್ಷ ಹಿಡಿಯುತ್ತದೆ ಅಂತ. ಎರಡಕ್ಕೂ ಉತ್ತರ ಕೆಳಗಿದೆ. ಆದರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನಾನೂ ಸೇರಿ ಎಷ್ಟೋ ಜನ ಅದನ್ನು ಕೇಳಿಕೊಂಡಿದ್ದು ಎರಡನೇ ವರ್ಷದಲ್ಲಿ, ತಲೆ ಮೇಲೆ ಕೈ ಹೊತ್ತು ಕೂತಾಗ: ನನ್ನ ಕೆಲಸಕ್ಕೆ ಡೇಟಾ ಎಲ್ಲಿಂದ ಬರುತ್ತದೆ?

ಸೇತುವೆ ಬಗ್ಗೆ ಸಂಶೋಧನೆ ಮಾಡುವವರಿಗೆ ಸೇತುವೆ ಕಣ್ಣಿಗೆ ಕಾಣುತ್ತದೆ. ನಮ್ಮದು ನೆಲದ ಕೆಳಗೆ ಎರಡು ಮೂರು ಕಿಲೋಮೀಟರ್ ಆಳದಲ್ಲಿರುತ್ತದೆ. ಮುಟ್ಟಬೇಕು ಅಂದ್ರೆ ಬಾವಿ ಕೊರೆಯಬೇಕು. ಬಾವಿ ಕೊರೆಸುವುದು ಕಂಪನಿ, ಅಲ್ಲಿ ಸಿಕ್ಕ ಕಲ್ಲು, ಎಣ್ಣೆ, ಒತ್ತಡದ ಅಳತೆ ಎಲ್ಲ ಅವರದೇ ಸ್ವತ್ತು. ಹಾಗಾಗಿ ಎಷ್ಟೇ ಚೆಂದದ ಐಡಿಯಾ ಇದ್ದರೂ ಅದನ್ನು ಪರೀಕ್ಷಿಸುವ ಕಲ್ಲೋ, ಬಾವಿಯೊಳಗೆ ಉಪಕರಣ ಇಳಿಸಿ ತೆಗೆದ ಅಳತೆಯೋ (ವೆಲ್ ಲಾಗ್) ಕೈಗೆ ಸಿಗದಿದ್ದರೆ ಥೀಸಿಸ್ ಅಲ್ಲೇ ನಿಲ್ಲುತ್ತದೆ. ಕೆಳಗಿನ ಪ್ರತಿ ಹಂತದಲ್ಲೂ ಈ ಪ್ರಶ್ನೆಯನ್ನು ಜೇಬಲ್ಲಿಟ್ಟುಕೊಂಡೇ ಇರಿ.

ಮೊದಲು: ನಿಮಗೆ ಇದು ಬೇಕಾ?

ರಿಗ್ ಮೇಲೆ ಕೆಲಸ ಮಾಡೋಕೆ, ಬಾವಿ ಕಂಪ್ಲೀಷನ್ (ಕೊರೆದ ಬಾವಿಯನ್ನು ಉತ್ಪಾದನೆಗೆ ಸಜ್ಜುಗೊಳಿಸುವುದು) ಮಾಡೋಕೆ, ಉತ್ಪಾದನೆ ನೋಡಿಕೊಳ್ಳೋಕೆ ಪಿಎಚ್‌.ಡಿ. ಬೇಡ. ಬಿ.ಇ. ಸಾಕು, ಎಂ.ಎಸ್. ಇದ್ದರೆ ಇನ್ನೂ ಒಳ್ಳೆಯದು. ಡಾಕ್ಟರೇಟ್ ನಿಜಕ್ಕೂ ಬೇಕಾಗುವುದು ಪ್ರೊಫೆಸರ್ ಆಗೋಕೆ, ದೊಡ್ಡ ಕಂಪನಿಗಳ ಸಂಶೋಧನಾ ಕೇಂದ್ರಗಳಿಗೆ ಸೇರೋಕೆ, ನೆಲದೊಳಗಿನ ಹರಿವನ್ನು ಕಂಪ್ಯೂಟರ್ ಮೇಲೆ ಲೆಕ್ಕ ಹಾಕುವ ಸಿಮ್ಯುಲೇಟರ್ ಬರೆಯುವ ತಂಡಕ್ಕೆ ಹೋಗೋಕೆ. 'ಸದ್ಯ ಮಾರ್ಕೆಟ್ ಸರಿ ಇಲ್ಲ, ಅಷ್ಟರಲ್ಲಿ ಒಂದು ಪಿಎಚ್‌.ಡಿ. ಮುಗಿಸಿಬಿಡೋಣ' ಅನ್ನುವವರು ಒಂದು ವಿಷಯ ನೆನಪಿಡಿ. ಎಣ್ಣೆ ಬೆಲೆ 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿತ್ತು, 2016ರ ಶುರುವಿನಲ್ಲಿ 30ರ ಕೆಳಗೆ ಇಳಿಯಿತು, 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಕಚ್ಚಾ ಎಣ್ಣೆಯ ಫ್ಯೂಚರ್ಸ್ (ಮುಂಗಡ ವ್ಯಾಪಾರದ) ಬೆಲೆ ಸೊನ್ನೆಗಿಂತಲೂ ಕೆಳಗೆ ಹೋಗಿ ದಿನ ಮುಗಿಸಿತು. ನಾಲ್ಕೈದು ವರ್ಷದ ಆಚೆ ನೀವು ಹೊರಬರುವಾಗ ಗಾಳಿ ಯಾವ ಕಡೆ ಬೀಸುತ್ತಿರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಮಾರ್ಕೆಟ್ ನೋಡಿ ಸೇರಬೇಡಿ, ಪ್ರಶ್ನೆ ನೋಡಿ ಸೇರಿ.

ಯಾವ ಕವಲು?

ಪೆಟ್ರೋಲಿಯಂ ಎಂಜಿನಿಯರಿಂಗ್ ಅನ್ನೋದು ಒಂದೇ ವಿಷಯ ಅಲ್ಲ. ಡ್ರಿಲ್ಲಿಂಗ್, ರಿಸರ್ವಾಯರ್ (ಎಣ್ಣೆ, ಗ್ಯಾಸ್ ತುಂಬಿದ ಕಲ್ಲಿನ ಪದರ), ಪ್ರೊಡಕ್ಷನ್, ಪೆಟ್ರೋಫಿಸಿಕ್ಸ್ (ಕಲ್ಲಿನ ಭೌತಿಕ ಗುಣಗಳು), ಜಿಯೋಮೆಕ್ಯಾನಿಕ್ಸ್ (ಒತ್ತಡಕ್ಕೆ ಕಲ್ಲು ಹೇಗೆ ಬಾಗುತ್ತದೆ, ಒಡೆಯುತ್ತದೆ ಅನ್ನುವುದು), ಉಳಿದ ಎಣ್ಣೆಯನ್ನು ಕೆಮಿಕಲ್ಲೋ ಗ್ಯಾಸೋ ಹಾಕಿ ತೆಗೆಯುವ ಇಒಆರ್, ಹೀಗೆ ಕವಲುಗಳಿವೆ. ಈಗ ಅದೇ ವಿಭಾಗಗಳಲ್ಲಿ ಕಾರ್ಬನ್ ಡೈಆಕ್ಸೈಡನ್ನು ನೆಲದೊಳಗೆ ಕೂಡಿಡುವುದು, ಜಿಯೋಥರ್ಮಲ್, ಹೈಡ್ರೋಜನ್ ಸಂಗ್ರಹ ಕೂಡ ನಡೆಯುತ್ತಿವೆ. ರಂಧ್ರಗಳಿರುವ ಕಲ್ಲಿನಲ್ಲಿ ದ್ರವ ಹೇಗೆ ಹರಿಯುತ್ತದೆ ಅನ್ನುವ ಗಣಿತ ಎಲ್ಲಕ್ಕೂ ಒಂದೇ ತಾನೇ. ಸ್ಟ್ಯಾನ್‌ಫರ್ಡ್‌ನಲ್ಲಿ ಪೆಟ್ರೋಲಿಯಂ ಅನ್ನುವ ಹೆಸರೇ ವಿಭಾಗದಿಂದ ಹೋಗಿದೆ, ಈಗ ಅದು ಎನರ್ಜಿ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್. ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಪೆಟ್ರೋಲಿಯಂ ಆ್ಯಂಡ್ ಜಿಯೋಸಿಸ್ಟಮ್ಸ್. ಆದ್ದರಿಂದ ಹುಡುಕುವಾಗ ವಿಭಾಗದ ಹೆಸರಿಗೆ ಅಂಟಿಕೊಳ್ಳಬೇಡಿ, ಒಳಗಿರುವ ಪ್ರೊಫೆಸರ್‌ಗಳು ಏನು ಮಾಡುತ್ತಿದ್ದಾರೆ ನೋಡಿ.

ಕವಲು ಆರಿಸುವಾಗ ಒಂದು ಒರಟು ಲೆಕ್ಕ ಹೇಳುತ್ತೇನೆ. ಲ್ಯಾಬ್ ಕೆಲಸದಲ್ಲಿ ಡೇಟಾ ನಿಮ್ಮದೇ, ಆದರೆ ನಿಧಾನ. ಸಿಮ್ಯುಲೇಶನ್ ಬೇಗ, ಆದರೆ 'ನಿಜವಾದ ಫೀಲ್ಡ್‌ನಲ್ಲಿ ನೋಡಿದ್ದೀರಾ' ಅಂತ ಪರೀಕ್ಷಕರು ಕೇಳೇ ಕೇಳುತ್ತಾರೆ. ಫೀಲ್ಡ್ ಡೇಟಾ ಮೇಲಿನ ಕೆಲಸ ಮೂರರಲ್ಲಿ ತೂಕದ್ದು, ಆದರೆ ಬೀಗದ ಕೈ ಇನ್ನೊಬ್ಬರ ಹತ್ತಿರ.

ಅರ್ಹತೆ ಮತ್ತು ಅರ್ಜಿ

ಪೆಟ್ರೋಲಿಯಂ ಪದವಿಯೇ ಬೇಕು ಅಂತಿಲ್ಲ. ಕೆಮಿಕಲ್, ಮೆಕ್ಯಾನಿಕಲ್, ಸಿವಿಲ್ ಎಂಜಿನಿಯರಿಂಗ್, ಭೂವಿಜ್ಞಾನ, ಫಿಸಿಕ್ಸ್, ಗಣಿತದಿಂದ ಬಂದವರನ್ನೂ ತೆಗೆದುಕೊಳ್ಳುತ್ತಾರೆ. ಹೊರಗಿನಿಂದ ಬಂದವರಿಗೆ ರಿಸರ್ವಾಯರ್, ಡ್ರಿಲ್ಲಿಂಗ್ ಥರದ ಬಿ.ಇ. ಮಟ್ಟದ ಕೆಲವು ಕೋರ್ಸ್‌ಗಳನ್ನು ಮೊದಲು ಮುಗಿಸಿ ಅನ್ನುತ್ತಾರೆ, ಅವು ಪಿಎಚ್‌.ಡಿ. ಕ್ರೆಡಿಟ್‌ಗೆ ಸೇರದೇ ಇರಬಹುದು. ಅದಕ್ಕೆ ಆರು ತಿಂಗಳು ಜಾಸ್ತಿ ಇಟ್ಟುಕೊಳ್ಳಿ.

ಅಮೆರಿಕದಲ್ಲಿ 4ಕ್ಕೆ 3.0 ಜಿಪಿಎ ಅನ್ನುವುದು ಸಾಮಾನ್ಯವಾದ ಕನಿಷ್ಠ ಮಿತಿ. ಕನಿಷ್ಠ ಅಂದ್ರೆ ಬಾಗಿಲ ಹೊಸ್ತಿಲು ಅಷ್ಟೇ, ಒಳಗೆ ಕರೆಯುತ್ತಾರೆ ಅಂತ ಅರ್ಥ ಅಲ್ಲ. ಜಿಆರ್‌ಇಯನ್ನು ಹಲವು ಕಡೆ ಕೈಬಿಟ್ಟಿದ್ದಾರೆ, ಕೆಲವು ಕಡೆ ಇನ್ನೂ ಕೇಳುತ್ತಾರೆ. ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ 6.5 ಅನ್ನುವ ಮಿತಿ ಬಹಳ ಕಡೆ ಕಾಣುತ್ತದೆ. ಟೋಫೆಲ್ ಅಂಕ ಎರಡು ವರ್ಷ ಮಾತ್ರ ಚಲಾವಣೆಯಲ್ಲಿರುತ್ತದೆ, ಜಿಆರ್‌ಇ ಐದು ವರ್ಷ. ಹಳೆಯ ಅಂಕಪಟ್ಟಿ ಹಿಡಿದುಕೊಂಡು ಕಡೇ ವಾರದಲ್ಲಿ ಒದ್ದಾಡಬೇಡಿ.

ಇವುಗಳ ಜೊತೆ ಮೂರು ಶಿಫಾರಸು ಪತ್ರ, ಸಿ.ವಿ., ಅಂಕಪಟ್ಟಿ, ಉದ್ದೇಶ ಪತ್ರ ಬೇಕು. ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರ ಹತ್ತಿರ ತಗೊಳ್ಳೋದಕ್ಕಿಂತ ನಿಮ್ಮ ಕೆಲಸ ಕಂಡವರ ಹತ್ತಿರ ತಗೊಳ್ಳಿ. 'ಈ ಹುಡುಗಿ ಕ್ಲಾಸಿನಲ್ಲಿ ಜಾಣೆ' ಅನ್ನುವ ಪತ್ರ ಓದಿ ಓದಿ ಆಯ್ಕೆ ಸಮಿತಿಗೆ ಸಾಕಾಗಿರುತ್ತದೆ. 'ಇವಳ ಸಿಮ್ಯುಲೇಶನ್‌ನಲ್ಲಿ ದ್ರವ್ಯರಾಶಿ ಲೆಕ್ಕ ಹೊಂದುತ್ತಿರಲಿಲ್ಲ, ಎರಡು ವಾರ ಬಿಡದೆ ಹುಡುಕಿ ತಪ್ಪು ಕಂಡುಹಿಡಿದಳು' ಅನ್ನುವ ಒಂದೇ ಸಾಲಿಗೆ ಬೆಲೆ ಜಾಸ್ತಿ.

ಉದ್ದೇಶ ಪತ್ರದಲ್ಲಿ ಬಾಲ್ಯದಿಂದ ಎಣ್ಣೆ ಕಂಡರೆ ಇಷ್ಟ ಅಂತ ಬರೆಯಬೇಡಿ. ಯಾರಿಗೂ ಇರುವುದಿಲ್ಲ.

ಗೈಡ್‌ಗೆ ಬರೆಯುವ ಮೇಲ್

ಅರ್ಜಿಗಿಂತ ಮುಖ್ಯವಾದದ್ದು ಇದು. ಬಹಳಷ್ಟು ಕಡೆ ಒಬ್ಬ ಪ್ರೊಫೆಸರ್ 'ಇವರು ನನಗೆ ಬೇಕು, ದುಡ್ಡು ನನ್ನ ಪ್ರಾಜೆಕ್ಟ್‌ನಲ್ಲಿದೆ' ಅಂದರೆ ಮಾತ್ರ ಸೀಟು. ಅಮೆರಿಕದ ಕಾಲೇಜುಗಳ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿ ಸುತ್ತ ಬರುತ್ತದೆ. ಮೇಲ್ ಮಾತ್ರ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಹೋಗಿರಬೇಕು.

ಅವರ ಇತ್ತೀಚಿನ ಎರಡು ಪೇಪರ್ ಓದಿ. ಸಾರಾಂಶ ಮಾತ್ರ ಓದಿದರೆ ಅವರಿಗೆ ಗೊತ್ತಾಗಿಬಿಡುತ್ತದೆ. ಮೇಲ್ ಎಂಟು ಹತ್ತು ಸಾಲು ದಾಟಬಾರದು: ನೀವು ಯಾರು, ಏನು ಮಾಡಿದ್ದೀರಿ, ಅವರ ಪೇಪರ್‌ನಲ್ಲಿ ನಿಮಗೆ ಹುಟ್ಟಿದ ಒಂದು ನಿಜವಾದ ಪ್ರಶ್ನೆ. 'ನಿಮ್ಮ ಪ್ರಯೋಗ ಪೂರ್ತಿ ಮರಳುಗಲ್ಲಿನ ಮೇಲೆ ಆಗಿದೆ, ಸುಣ್ಣಕಲ್ಲಿಗೆ ಎಣ್ಣೆ ಜಾಸ್ತಿ ಅಂಟಿಕೊಳ್ಳುವುದರಿಂದ ಅಲ್ಲಿ ಇದೇ ಸರ್ಫ್ಯಾಕ್ಟೆಂಟ್ (ಸೋಪಿನಂಥ ಕೆಮಿಕಲ್) ಹೇಗೆ ನಡೆದುಕೊಳ್ಳಬಹುದು?' ಅಂತ ಕೇಳಿ ನೋಡಿ, ಉತ್ತರ ಬರುವ ಸಾಧ್ಯತೆ ಹೆಚ್ಚು.

ಮಾತುಕತೆ ಮುಂದುವರಿದರೆ, ಸೀಟು ಒಪ್ಪಿಕೊಳ್ಳುವ ಮೊದಲು, ನಾಚಿಕೆ ಬಿಟ್ಟು ಕೇಳಲೇಬೇಕಾದವು ಇವು. ದುಡ್ಡು ಎಷ್ಟು ವರ್ಷಕ್ಕಿದೆ? ಕಂಪನಿ ಪ್ರಾಯೋಜಕತ್ವ ಇದ್ದರೆ, ಪೇಪರ್ ಪ್ರಕಟಿಸುವ ಮೊದಲು ಅವರ ಒಪ್ಪಿಗೆ ಬೇಕಾ, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ? ಫೀಲ್ಡ್ ಡೇಟಾ ಈಗಾಗಲೇ ಕೈಯಲ್ಲಿದೆಯಾ, ಇಲ್ಲಾ 'ಬರುತ್ತದೆ' ಅನ್ನುವ ಭರವಸೆ ಮಾತ್ರವಾ? ಆಮೇಲೆ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರ ಜೊತೆ ಮಾತಾಡಿ, ಒಬ್ಬರಾದರೂ ಅರ್ಧಕ್ಕೆ ಬಿಟ್ಟವರಾಗಿದ್ದರೆ ಒಳ್ಳೆಯದು.

ಹಣದ ವಿಷಯ ಇಷ್ಟೇ: ಸ್ವಂತ ದುಡ್ಡು ಹಾಕಿ ಈ ಪಿಎಚ್‌.ಡಿ. ಮಾಡಬೇಡಿ. ರಿಸರ್ಚ್ ಅಸಿಸ್ಟೆಂಟ್, ಟೀಚಿಂಗ್ ಅಸಿಸ್ಟೆಂಟ್, ಫೆಲೋಶಿಪ್, ಯಾವುದೋ ಒಂದರಲ್ಲಿ ಶುಲ್ಕ ಮನ್ನಾ ಆಗಿ ಜೀವನಕ್ಕೂ ಸಿಗಬೇಕು.

ದೇಶಕ್ಕೊಂದು ನಿಯಮ

ಅಮೆರಿಕದಲ್ಲಿ ಕೋರ್ಸ್‌ವರ್ಕ್ ಜಾಸ್ತಿ. ಟೆಕ್ಸಸ್ ಎ ಆ್ಯಂಡ್ ಎಂನಲ್ಲಿ ಮಾಸ್ಟರ್ಸ್ ಆದವರಿಗೆ 64 ಕ್ರೆಡಿಟ್ ಅವರ್, ನೇರ ಬಿ.ಇ.ಯಿಂದ ಬಂದವರಿಗೆ 96. ಇದರಲ್ಲಿ ಸಂಶೋಧನೆಯ ಕ್ರೆಡಿಟ್ಟೂ ಸೇರಿದೆ, ಅಷ್ಟೂ ಕ್ಲಾಸ್ ಅಂದುಕೊಂಡು ಹೆದರಬೇಡಿ. ಒಟ್ಟು ನಾಲ್ಕರಿಂದ ಐದು ವರ್ಷ. ಬ್ರಿಟನ್‌ನಲ್ಲಿ ಮೂರರಿಂದ ನಾಲ್ಕು ವರ್ಷ, ಮೊದಲ ದಿನದಿಂದಲೇ ಸಂಶೋಧನೆ. ಮೊದಲ ವರ್ಷದ ಕೊನೆಯಲ್ಲಿ ಒಂದು ವರದಿ ಕೊಟ್ಟು ಮುಂದುವರಿಯುವ ಅನುಮತಿ ಪಡೆಯಬೇಕು. ನಾರ್ವೆಯಲ್ಲಿ ಪಿಎಚ್‌.ಡಿ. ಅಂದ್ರೆ ಸಂಬಳದ ನೌಕರಿ. ಮೂರು ವರ್ಷದ ಕೆಲಸ, ಅದರೊಳಗೆ 30 ಕ್ರೆಡಿಟ್ ಕೋರ್ಸ್. ಪಾಠ ಮಾಡುವ ಹೊಣೆ ಸೇರಿದರೆ ನಾಲ್ಕು ವರ್ಷ. ನಾರ್ವೆ, ಬ್ರಿಟನ್‌ಗೆ ಮಾಸ್ಟರ್ಸ್ ಇಲ್ಲದೆ ಹೋಗುವುದು ಕಷ್ಟ. ಅಮೆರಿಕದಲ್ಲಿ ಆಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬೇರೆ ವಿಭಾಗದಿಂದ ಬಂದವರಿಗೆ ಅಮೆರಿಕದ ಕೋರ್ಸ್‌ವರ್ಕ್ ಒಳ್ಳೆಯದು. ಏನು ಮಾಡಬೇಕು ಅಂತ ಈಗಾಗಲೇ ಗೊತ್ತಿರುವವರಿಗೆ ಯುರೋಪ್ ಸರಿ.

ಕೋರ್ಸ್ ಮತ್ತು ಕ್ವಾಲಿಫೈಯಿಂಗ್ ಪರೀಕ್ಷೆ

ಯಾವ ಕೋರ್ಸ್ ಬಿಟ್ಟರೂ ನ್ಯೂಮರಿಕಲ್ ಮೆಥಡ್ಸ್ ಬಿಡಬೇಡಿ. ಅಡ್ವಾನ್ಸ್‌ಡ್ ರಿಸರ್ವಾಯರ್, ದ್ರವಗಳ ಫೇಸ್ ಬಿಹೇವಿಯರ್ (ಒತ್ತಡ, ಉಷ್ಣತೆ ಬದಲಾದಾಗ ಯಾವುದು ದ್ರವ, ಯಾವುದು ಗ್ಯಾಸ್ ಅನ್ನುವುದು), ವೆಲ್ ಟೆಸ್ಟಿಂಗ್, ರಿಸರ್ವಾಯರ್ ಸಿಮ್ಯುಲೇಶನ್ ಇವು ಬೆನ್ನೆಲುಬು. ಜೊತೆಗೆ ಸ್ಟಾಟಿಸ್ಟಿಕ್ಸ್ ಒಂದು, ಪೈಥಾನ್ ಒಂದು. ಬಿ ಗ್ರೇಡ್ ಬಂತು ಅಂತ ಅಳುತ್ತಾ ಕೂರಬೇಡಿ, ಈ ಹಂತದಲ್ಲಿ ಯಾರೂ ಅದನ್ನು ನೋಡುವುದಿಲ್ಲ, 3.0ಕ್ಕಿಂತ ಮೇಲಿದ್ದರೆ ಸಾಕು.

ನಿಜವಾದ ಜರಡಿ ಕ್ವಾಲಿಫೈಯಿಂಗ್ ಪರೀಕ್ಷೆ. ಸಾಮಾನ್ಯವಾಗಿ ಮೊದಲ ಅಥವಾ ಎರಡನೇ ವರ್ಷದಲ್ಲಿ ಬರುತ್ತದೆ, ಕೆಲವು ಕಡೆ ಲಿಖಿತ, ಕೆಲವು ಕಡೆ ಮೌಖಿಕ, ಕೆಲವು ಕಡೆ ಎರಡೂ. ಹೆಚ್ಚಾಗಿ ಎರಡು ಅವಕಾಶ ಕೊಡುತ್ತಾರೆ. ಎರಡೂ ಸಲ ಹೋದರೆ ಮಾಸ್ಟರ್ಸ್ ಪದವಿ ತಗೊಂಡು ಮನೆಗೆ.

ಇಲ್ಲಿ ಜನ ಸೂತ್ರ ಬಾಯಿಪಾಠ ಮಾಡಿಕೊಂಡು ಹೋಗಿ ಮುಗ್ಗರಿಸುತ್ತಾರೆ. ಒಂದು ಉದಾಹರಣೆ ನೋಡಿ. ಬೋರ್ಡ್ ಮುಂದೆ ನಿಲ್ಲಿಸಿ 'ಡಿಫ್ಯೂಸಿವಿಟಿ ಸಮೀಕರಣ ಬರೆದು ತೋರಿಸಿ' ಅನ್ನುತ್ತಾರೆ, ಅಂದ್ರೆ ಕಲ್ಲಿನೊಳಗೆ ಒತ್ತಡ ಹೇಗೆ ಹರಡುತ್ತದೆ ಅಂತ ಹೇಳುವ ಸಮೀಕರಣ. ಇದು ಸುಲಭ. ದ್ರವ್ಯರಾಶಿ ಎಲ್ಲೂ ಮಾಯವಾಗುವುದಿಲ್ಲ ಅನ್ನುವ ಲೆಕ್ಕ ಒಂದು, 1856ರಲ್ಲಿ ಡಾರ್ಸಿ ಮರಳಿನ ಮೂಲಕ ನೀರು ಹರಿಸಿ ಕಂಡುಕೊಂಡ ನಿಯಮ ಎರಡು, ಒತ್ತಡ ಏರಿದಾಗ ದ್ರವ ಎಷ್ಟು ಕುಗ್ಗುತ್ತದೆ ಅನ್ನುವುದು ಮೂರು. ಮೂರನ್ನೂ ಸೇರಿಸಿದರೆ ಸಮೀಕರಣ ಬಂತು. ಅಷ್ಟರಲ್ಲಿ ಮೂಲೆಯಲ್ಲಿ ಕೂತ ಪ್ರೊಫೆಸರ್ ಮೆಲ್ಲಗೆ ಕೇಳುತ್ತಾರೆ, 'ಎಣ್ಣೆ ಬದಲು ಗ್ಯಾಸ್ ಇದ್ದರೆ?' ಈಗ ನೀವು ಹೇಳಬೇಕು: ಗ್ಯಾಸ್‌ನ ಸ್ನಿಗ್ಧತೆ, ಕುಗ್ಗುವಿಕೆ ಎರಡೂ ಒತ್ತಡದ ಜೊತೆ ಬದಲಾಗುತ್ತವೆ, ಹಾಗಾಗಿ ಸಮೀಕರಣ ಸರಳ ರೇಖೆಯ ಸ್ವಭಾವ ಕಳೆದುಕೊಳ್ಳುತ್ತದೆ, ಅದಕ್ಕೇ 1966ರಲ್ಲಿ ಅಲ್-ಹುಸೈನಿ, ರೇಮಿ, ಕ್ರಾಫರ್ಡ್ ಸ್ಯೂಡೋಪ್ರೆಶರ್, ಅಂದ್ರೆ ಆ ಬದಲಾವಣೆಗಳನ್ನು ಒಳಗೇ ಸೇರಿಸಿಕೊಂಡ ಬದಲಿ ಒತ್ತಡ, ಅನ್ನುವ ಉಪಾಯ ತಂದರು. ಅವರು ನೋಡುವುದು ಇಷ್ಟೇ: ಈ ಸೂತ್ರ ಎಲ್ಲಿ ಮುರಿಯುತ್ತದೆ ಅಂತ ನಿಮಗೆ ಗೊತ್ತಾ? ಪ್ರತಿ ಸೂತ್ರದ ಪಕ್ಕದಲ್ಲೂ ಅದರ ಊಹೆಗಳನ್ನು ಬರೆದುಕೊಂಡು ಓದಿ. ನೀರು ಎಣ್ಣೆಯನ್ನು ತಳ್ಳುವುದನ್ನು ಲೆಕ್ಕ ಹಾಕುವ 1942ರ ಬಕ್ಲಿ-ಲೆವೆರೆಟ್ ಇರಲಿ, ವಿದ್ಯುತ್ ರೋಧದಿಂದ ಕಲ್ಲಿನಲ್ಲಿ ನೀರೆಷ್ಟು ಅಂತ ಹೇಳುವ ಅದೇ ವರ್ಷದ ಆರ್ಚಿ ಸೂತ್ರ ಇರಲಿ, ಬಾವಿಯ ಉತ್ಪಾದನೆ ಇಳಿಯುವ ರೀತಿ ಹೇಳುವ 1945ರ ಆರ್ಪ್ಸ್ ಇರಲಿ, ಇದೇ ರೀತಿ.

ಪ್ರಪೋಸಲ್

ಕ್ವಾಲಿಫೈಯಿಂಗ್ ಆದಮೇಲೆ ಸಮಿತಿ ಕಟ್ಟಬೇಕು. ನಾಲ್ಕೈದು ಜನ, ಅದರಲ್ಲಿ ಒಬ್ಬರು ಬೇರೆ ವಿಭಾಗದವರು. ಅವರ ಮುಂದೆ 'ಇದು ಪ್ರಶ್ನೆ, ಈವರೆಗೆ ಇಷ್ಟು ಗೊತ್ತಿದೆ, ನಾನು ಹೀಗೆ ಮಾಡುತ್ತೇನೆ, ಇಷ್ಟು ದಿನ ಬೇಕು' ಅಂತ ಮಂಡಿಸಬೇಕು. ಪಾಸಾದರೆ ಕ್ಯಾಂಡಿಡೇಟ್ ಅನ್ನಿಸಿಕೊಳ್ಳುತ್ತೀರಿ. ಆಮೇಲೆ ಉಳಿಯುವುದು ಥೀಸಿಸ್ ಮಾತ್ರ. ಆ 'ಮಾತ್ರ'ದಲ್ಲೇ ಮೂರು ವರ್ಷ ಹೋಗುತ್ತದೆ.

ಪ್ರಶ್ನೆ ಚಿಕ್ಕದಿರಲಿ. 'ಇಒಆರ್ ಸುಧಾರಣೆ' ಅನ್ನುವುದು ಪ್ರಶ್ನೆ ಅಲ್ಲ. 'ಉಪ್ಪು ಕಡಿಮೆ ಮಾಡಿದ ನೀರು ಈ ಜಾತಿಯ ಸುಣ್ಣಕಲ್ಲಿನ ತೇವಗುಣವನ್ನು (ಅದಕ್ಕೆ ನೀರು ಜಾಸ್ತಿ ಅಂಟುತ್ತದಾ, ಎಣ್ಣೆಯಾ ಅನ್ನುವುದನ್ನು) ಯಾವ ಉಷ್ಣತೆಯಿಂದ ಮೇಲೆ ಬದಲಿಸುತ್ತದೆ' ಅನ್ನುವುದು ಪ್ರಶ್ನೆ. ಪ್ರತಿ ಅಧ್ಯಾಯದ ಎದುರು ಅದಕ್ಕೆ ಬೇಕಾದ ಡೇಟಾ ಏನು, ಈಗ ಎಲ್ಲಿದೆ, ಯಾರ ಸಹಿ ಬೇಕು ಅಂತ ಬರೆದಿಡಿ. ಒಂದೇ ಒಂದು ಕಡೆ 'ಸಿಗಬಹುದು' ಅಂತ ಬಂದರೂ ಅದಕ್ಕೆ ಬದಲಿ ದಾರಿ ಇರಲೇಬೇಕು.

ಲ್ಯಾಬ್‌ನಲ್ಲಿ ಸಮಯ ಎಲ್ಲಿಗೆ ಹೋಗುತ್ತದೆ

ಕಲ್ಲಿನೊಳಗಿನ ಎಣ್ಣೆಯನ್ನು ನೀರು ಹಾಯಿಸಿ ಹೊರಗೆ ತಳ್ಳುವ ಒಂದು ಪ್ರಯೋಗದ ಲೆಕ್ಕ ಹಾಕಿಯೇ ತೋರಿಸುತ್ತೇನೆ. 3.8 ಸೆಂ.ಮೀ. ವ್ಯಾಸ, 7.6 ಸೆಂ.ಮೀ. ಉದ್ದದ ಕಲ್ಲಿನ ಕೋರ್ (ಕೊರೆದು ತೆಗೆದ ಸಿಲಿಂಡರ್ ಆಕಾರದ ತುಂಡು) ತಗೊಳ್ಳಿ. ಅದರ ಶೇ. 20 ಭಾಗ ರಂಧ್ರ. ಅಂದ್ರೆ ಒಳಗೆ ದ್ರವ ಹಿಡಿಯುವ ಜಾಗ ಸುಮಾರು 17 ಸಿಸಿ. ಒಂದು ಚಿಕ್ಕ ಲೋಟದ ಕಾಲು ಭಾಗವೂ ಇಲ್ಲ. ಬಾವಿಯಿಂದ ದೂರದ ಕಲ್ಲಿನಲ್ಲಿ ದ್ರವ ದಿನಕ್ಕೆ ಸುಮಾರು ಒಂದು ಅಡಿ ಮುಂದೆ ಹೋಗುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಅದೇ ವೇಗ ಈ ಕೋರ್‌ನಲ್ಲಿ ಬೇಕು ಅಂದ್ರೆ ಪಂಪ್ ನಿಮಿಷಕ್ಕೆ 0.05 ಸಿಸಿ ತಳ್ಳಬೇಕು. ರಂಧ್ರದ ಜಾಗದ ಐದು ಪಟ್ಟು ನೀರು ಹಾಯಿಸಲು 29 ಗಂಟೆ. ಇದು ಹರಿಸುವ ಸಮಯ ಮಾತ್ರ. ಅದಕ್ಕೂ ಮುಂಚೆ ಟಾಲ್ಯೂಯಿನ್, ಮೆಥನಾಲ್‌ನಲ್ಲಿ ಕಲ್ಲು ತೊಳೆಯಬೇಕು, ಒಣಗಿಸಬೇಕು, ಉಪ್ಪುನೀರು ತುಂಬಿಸಬೇಕು, ಎಣ್ಣೆ ತುಂಬಿಸಬೇಕು, ಆಮೇಲೆ ಕಲ್ಲು ನೆಲದೊಳಗಿನ ಸ್ವಭಾವಕ್ಕೆ ಮರಳಲಿ ಅಂತ ಕಚ್ಚಾ ಎಣ್ಣೆಯಲ್ಲಿ ಬಿಸಿಯಾಗಿ ವಾರಗಟ್ಟಲೆ ನೆನೆಹಾಕಬೇಕು. ಒಂದು ಕೋರ್‌ಗೆ ಒಂದೂವರೆ ತಿಂಗಳು ಅಂತ ಹಿಡಿದರೆ ತಪ್ಪಾಗುವುದಿಲ್ಲ. ನೆನೆಹಾಕುವುದನ್ನು ಹತ್ತು ಕೋರ್‌ಗೆ ಒಟ್ಟಿಗೆ ಮಾಡಬಹುದು, ಹಾಗೇ ಮಾಡಿ.

ಈಗ ನನ್ನ ಕಥೆ. ಮೊದಲ ಪ್ರಯೋಗಗಳಲ್ಲಿ ಕೋರ್‌ನೊಳಗೆ 12 ಸಿಸಿ ಎಣ್ಣೆ ಇತ್ತು, ನೀರು ಹಾಯಿಸಿದಾಗ 8 ಸಿಸಿ ಹೊರಬಂತು. ಶೇ. 67! ಕುಣಿದಾಡಿದೆ. ಮೂರು ಕೋರ್ ಮುಗಿದ ಮೇಲೆ ಲ್ಯಾಬ್‌ನ ಟೆಕ್ನಿಷಿಯನ್ ಸುಮ್ನೆ ನಿಂತು ನೋಡಿ ಕೇಳಿದರು, 'ಪೈಪ್ ಒಳಗೆ ಎಷ್ಟು ಹಿಡಿಯುತ್ತೆ ಅಳೆದಿದ್ದೀಯಾ?' ಅಳೆದಿರಲಿಲ್ಲ. ಕೋರ್‌ನಿಂದ ಅಳತೆ ಕೊಳವೆಯವರೆಗಿನ ತೆಳು ಪೈಪ್ ಮತ್ತು ವಾಲ್ವ್‌ಗಳಲ್ಲಿ 2 ಸಿಸಿ ಎಣ್ಣೆ ಮೊದಲೇ ಕೂತಿತ್ತು, ಅದೂ ನನ್ನ ಲೆಕ್ಕಕ್ಕೆ ಸೇರಿತ್ತು. ನಿಜವಾಗಿ ಕಲ್ಲಿನಿಂದ ಬಂದದ್ದು 6 ಸಿಸಿ, ಶೇ. 50. ಅಷ್ಟು ಹೊತ್ತಿಗೆ ಸಮಿತಿಗೆ ಗ್ರಾಫ್ ತೋರಿಸಿ ಆಗಿತ್ತು. ಪ್ರಯೋಗ ಶುರುಮಾಡುವ ಮೊದಲು ಡೆಡ್ ವಾಲ್ಯೂಮ್, ಅಂದ್ರೆ ಪೈಪ್, ವಾಲ್ವ್ ಒಳಗಿನ ಈ ಜಾಗ, ಅಳೆಯಿರಿ, ವಾಲ್ವ್ ಬದಲಿಸಿದಾಗೆಲ್ಲ ಮತ್ತೆ ಅಳೆಯಿರಿ. ಟೆಕ್ನಿಷಿಯನ್ ಜೊತೆ ಚೆನ್ನಾಗಿರಿ. ಅವರಿಗೆ ಗೊತ್ತಿರುವುದು ಯಾವ ಪೇಪರ್‌ನಲ್ಲೂ ಇರುವುದಿಲ್ಲ.

ಸಿಮ್ಯುಲೇಶನ್ ಮಾಡುವವರಿಗೆ

ಎಕ್ಲಿಪ್ಸ್, ಸಿಎಂಜಿ ಥರದ ಸಾಫ್ಟ್‌ವೇರ್‌ಗೆ ಯೂನಿವರ್ಸಿಟಿ ಲೈಸೆನ್ಸ್ ಇದೆಯಾ, ಎಷ್ಟು ಜನರ ಮಧ್ಯೆ ಹಂಚಿಕೆ ಅಂತ ಕೇಳಿ. ಸಾಫ್ಟ್‌ವೇರ್ ಒಳಗೆ ಕೈ ಹಾಕಬೇಕು ಅನ್ನುವವರಿಗೆ ನಾರ್ವೆಯ ಸಂಶೋಧನಾ ಸಂಸ್ಥೆ ಸಿಂಟೆಫ್‌ನವರ ಎಂಆರ್‌ಎಸ್‌ಟಿ, ಮತ್ತೆ ಒಪಿಎಂ ಫ್ಲೋ ಇವೆ. ಎರಡೂ ಮುಕ್ತ, ಉಚಿತ. ಹೊಸ ವಿಧಾನ ಬರೆದರೆ ಅದನ್ನು ಎಲ್ಲರಿಗೂ ಗೊತ್ತಿರುವ ಮಾದರಿ ಮೇಲೆ ಓಡಿಸಿ ತೋರಿಸಬೇಕು. 2001ರ ಎಸ್‌ಪಿಇ10 ಅದಕ್ಕೇ ಇರುವುದು (ಎಸ್‌ಪಿಇ ಅಂದ್ರೆ ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್), ಅದರ ದೊಡ್ಡ ಮಾದರಿಯಲ್ಲಿ 60 × 220 × 85ರಂತೆ 11 ಲಕ್ಷಕ್ಕೂ ಹೆಚ್ಚು ಕೋಶಗಳಿವೆ.

ಫೀಲ್ಡ್ ಡೇಟಾ ಸಿಗದವರಿಗೆ ಒಂದು ದೊಡ್ಡ ಉಪಕಾರ ಆಗಿದ್ದು 2018ರಲ್ಲಿ. ಈಕ್ವಿನಾರ್ ಕಂಪನಿ ಉತ್ತರ ಸಮುದ್ರದ ವೋಲ್ವೆ ಫೀಲ್ಡ್‌ನ ಸುಮಾರು 40,000 ಫೈಲ್‌ಗಳನ್ನು ಬಹಿರಂಗ ಮಾಡಿತು. 2008ರಿಂದ 2016ರವರೆಗೆ ಎಣ್ಣೆ ತೆಗೆದ ನಿಜವಾದ ಫೀಲ್ಡ್, ಕಂಪನದ ಅಲೆ ಕಳಿಸಿ ನೆಲದೊಳಗಿನ ಚಿತ್ರ ತೆಗೆಯುವ ಸೈಸ್ಮಿಕ್‌ನಿಂದ ಹಿಡಿದು ದಿನದ ಡ್ರಿಲ್ಲಿಂಗ್ ವರದಿವರೆಗೆ ಎಲ್ಲ ಇದೆ. ತುಂಬಾ ಜನ ಅದನ್ನೇ ಬಳಸುತ್ತಾರೆ ಅನ್ನುವುದು ಅದರ ತೊಂದರೆ ಕೂಡ. ನೀವು ಹೊಸದಾಗಿ ಏನು ಕೇಳುತ್ತಿದ್ದೀರಿ ಅನ್ನುವುದು ಸ್ಪಷ್ಟ ಇರಬೇಕು.

ಪೇಪರ್

ನಿಯಮದಲ್ಲಿ ಕೆಲವು ಕಡೆ ಇಂತಿಷ್ಟು ಪೇಪರ್ ಅಂತ ಇರುತ್ತದೆ, ಕೆಲವು ಕಡೆ ಇರುವುದಿಲ್ಲ. ಇಲ್ಲದಿದ್ದರೂ ಎರಡು ಮೂರು ಇರಲಿ, ಮುಂದೆ ಕೆಲಸ ಹುಡುಕುವಾಗ ಮೊದಲು ಕೇಳುವುದು ಅದನ್ನೇ. ಎಸ್‌ಪಿಇ ಜರ್ನಲ್, ಫ್ಯುಯೆಲ್, ಟ್ರಾನ್ಸ್‌ಪೋರ್ಟ್ ಇನ್ ಪೋರಸ್ ಮೀಡಿಯಾ ಒಳ್ಳೆಯವು. ಜರ್ನಲ್ ಆಫ್ ಪೆಟ್ರೋಲಿಯಂ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್ 2023ರಿಂದ ಜಿಯೋಎನರ್ಜಿ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್ ಆಗಿದೆ, ಹುಡುಕಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ. ಹಳೆಯ ಪೇಪರ್‌ಗಳಿಗೆ ಒನ್‌ಪೆಟ್ರೋ ಅನ್ನುವ ಆನ್‌ಲೈನ್ ಸಂಗ್ರಹ ಇದೆ, ಯೂನಿವರ್ಸಿಟಿ ಲೈಬ್ರರಿ ಮೂಲಕ ತೆರೆಯುತ್ತದೆ. ಎಸ್‌ಪಿಇ ಸಮ್ಮೇಳನದ ಪೇಪರ್ ಮತ್ತು ಜರ್ನಲ್ ಪೇಪರ್ ಒಂದೇ ತೂಕದವಲ್ಲ. ಜರ್ನಲ್‌ನಲ್ಲಿ ವಿಮರ್ಶೆ ಬಿಗಿ, ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ಮೊದಲ ಪೇಪರ್ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಕಳಿಸಿಬಿಡಿ.

ಥೀಸಿಸ್, ಡಿಫೆನ್ಸ್

ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಪ್ರಯೋಗ ಮುಗಿದ ವಾರವೇ ವಿಧಾನದ ಭಾಗ ಬರೆದುಬಿಡಿ, ಎರಡು ವರ್ಷದ ನಂತರ ಆ ಪಂಪ್ ಯಾವ ಮಾದರಿ ಅಂತ ದೇವರಾಣೆ ನೆನಪಿರುವುದಿಲ್ಲ.

ಡಿಫೆನ್ಸ್ ಅಂದ್ರೆ ಪರೀಕ್ಷಕರ ಮುಂದೆ ಥೀಸಿಸ್ ಸಮರ್ಥಿಸಿಕೊಳ್ಳುವುದು. ಅದರ ರೀತಿ ಒಂದೊಂದು ಕಡೆ ಒಂದೊಂದು. ಅಮೆರಿಕದಲ್ಲಿ ಸಾರ್ವಜನಿಕ ಭಾಷಣ, ಆಮೇಲೆ ಬಾಗಿಲು ಮುಚ್ಚಿ ಸಮಿತಿಯ ಪ್ರಶ್ನೆ. ಬ್ರಿಟನ್‌ನಲ್ಲಿ ವೈವಾ, ಒಬ್ಬ ಒಳಗಿನ ಪರೀಕ್ಷಕ, ಒಬ್ಬ ಹೊರಗಿನವ, ನೀವು, ಅಷ್ಟೇ. ಎರಡು ಮೂರು ಗಂಟೆ ಪುಟ ಪುಟ ಕೆದಕುತ್ತಾರೆ. ನಾರ್ವೆಯಲ್ಲಿ ಅವರೇ ಕೊಟ್ಟ ವಿಷಯದ ಮೇಲೆ ಮೊದಲು ಒಂದು ಪಾಠ ಮಾಡಿ ತೋರಿಸಬೇಕು, ಆಮೇಲೆ ಎಲ್ಲರ ಎದುರು 'ಎದುರಾಳಿ' ಅಂತ ಕರೆಯುವ ಪರೀಕ್ಷಕರ ಪ್ರಶ್ನೆ. ನೆದರ್ಲೆಂಡ್ಸ್‌ನಲ್ಲಿ ಸಮಯ ಮುಗಿದ ಕೂಡಲೇ ಕೋಲು ಹಿಡಿದ ಅಧಿಕಾರಿ ಬಂದು ಲ್ಯಾಟಿನ್‌ನಲ್ಲಿ 'ಹೋರಾ ಎಸ್ಟ್', ಅಂದ್ರೆ ಹೊತ್ತಾಯಿತು, ಅನ್ನುತ್ತಾರೆ. ಆ ಕ್ಷಣಕ್ಕೆ ಉತ್ತರ ಅರ್ಧದಲ್ಲಿದ್ದರೂ ನಿಲ್ಲಿಸಬಹುದು. ನನಗಂತೂ ಈ ಪದ್ಧತಿ ಎಲ್ಲ ಕಡೆ ಬರಲಿ ಅನ್ನಿಸುತ್ತದೆ.

ಎಲ್ಲ ಕಡೆ ಬರುವ ಪ್ರಶ್ನೆಗಳು ಮಾತ್ರ ಅವೇ. ನಿಮ್ಮ ಅಳತೆಯಲ್ಲಿ ದೋಷ ಎಷ್ಟು? ಪ್ರಯೋಗ ಮತ್ತೊಮ್ಮೆ ಮಾಡಿದರೆ ಅದೇ ಉತ್ತರ ಬರುತ್ತದಾ? ಏಳು ಸೆಂ.ಮೀ. ಕಲ್ಲಿನಲ್ಲಿ ಕಂಡದ್ದು ಏಳು ಕಿಲೋಮೀಟರ್ ಫೀಲ್ಡ್‌ನಲ್ಲಿ ಯಾಕೆ ನಿಜ ಆಗಬೇಕು? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಗೊತ್ತುಮಾಡಿಕೊಳ್ಳಲು ಯಾವ ಪ್ರಯೋಗ ಮಾಡುತ್ತೀರಿ ಅಂತ ಅದರ ಹಿಂದೆಯೇ ಹೇಳಿ.

ಪಾಸಾದರೂ ತಿದ್ದುಪಡಿ ಇದ್ದೇ ಇರುತ್ತದೆ. ತಿದ್ದಿ, ಸಹಿ ಹಾಕಿಸಿ, ಲೈಬ್ರರಿಗೆ ಪ್ರತಿ ಕೊಟ್ಟರೆ ಮಾತ್ರ ಪದವಿ. ಕಂಪನಿ ಡೇಟಾ ಬಳಸಿದವರು ಡಿಫೆನ್ಸ್‌ಗೆ ಮೂರು ನಾಲ್ಕು ತಿಂಗಳು ಮುಂಚೆಯೇ ಕರಡನ್ನು ಕಂಪನಿಗೆ ಕಳಿಸಿ ಲಿಖಿತ ಒಪ್ಪಿಗೆ ತಗೊಳ್ಳಿ. ಬಾವಿಯ ಹೆಸರು ಮುಚ್ಚಬೇಕಾ, ನಕ್ಷೆಯಿಂದ ಅಕ್ಷಾಂಶ ರೇಖಾಂಶ ತೆಗೆಯಬೇಕಾ, ಥೀಸಿಸ್ ಒಂದೆರಡು ವರ್ಷ ಯಾರಿಗೂ ಕಾಣದಂತೆ ಎಂಬಾರ್ಗೋದಲ್ಲಿ ಇಡಬೇಕಾ ಅಂತ ಆಗಲೇ ಇತ್ಯರ್ಥವಾಗಲಿ. ಎಂಬಾರ್ಗೋ ಫಾರಂ ಒಂದೇ ಪುಟ ಇರುತ್ತದೆ, ಆದರೆ ಅದಕ್ಕೆ ಗೈಡ್ ಸಹಿಯೂ ಬೇಕು. ಅವರು ರಜೆಗೆ ಹೋಗುವ ಮುಂಚೆ ಹಾಕಿಸಿಕೊಳ್ಳಿ.